ಚಿತ್ರದುರ್ಗದ ಎರಡು ಪಟಾಲಮುಗಳು

ದಂಡು ಎಂಬುದು ರಾಜ್ಯದ ಸಪ್ತಾಂಗಗಳಲ್ಲಿ ಒಂದಾಗಿರುವುದು. ಅದರ ಭೇದಗಳನ್ನು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಆರಾಗಿ ವಿಂಗಡಿಸಿರುವನು. ತಲೆತಲಾಂತರದಿಂದ ರಾಜನನ್ನೇ ನಂಬಿ ನಿಂತ ಮೌಲಬಲ, ಸಂಬಳಕ್ಕೆ ಸೇರಿದ ಭೃತಬಲ, ಸಂಘಗಳಿಂದ ಒದಗುವ ಶ್ರೇಣೀಬಲ, ಸ್ನೇಹಿತನಾದ ಅರಸನು ಕಳುಹಿಸುವ ಮಿತ್ರಬಲ, ಶತ್ರುವಿನ ಕಡೆಯಿಂದ ಬಂದ ಅಮಿತ್ರಬಲ, ಕಾಡುಜನರ ಅಟವೀಬಲ ಎಂಬೀ ಆರರಲ್ಲಿ ಮೊದಲು ಹೇಳಿದುದು ಅನಂತರ ಹೇಳಿದುದಕ್ಕಿಂತ ಉತ್ತಮವೆಂಬುದು ಆತನ ನಿರ್ಣಯ. ಮೌಲಬಲಕ್ಕೆ ರಾಜನ ಅಳಿವು ಉಳಿವುಗಳೇ ತನ್ನ ಅಳಿವು ಉಳಿವುಗಳು. ಭೃತಬಲಕ್ಕೆ ಸಂಬಳವೇ ಸಂಬಂಧ. ಆದರೆ ಆ ಸಂಬಳದ ಹಣವನ್ನು ತೆರುವವನು ಒಬ್ಬ, ಅದನ್ನು ಕೈಯಿಂದ ಎಣಿಸಿಕೊಡುವವನು ಇನ್ನೊಬ್ಬ, ಎದುರಿಗೆ ನಿಂತು ಆಜ್ಞೆಮಾಡುವವನು ಮತ್ತೊಬ್ಬನಾದರೆ ಸೈನಿಕನ ನಿಷ್ಠೆಯು ಯಾರಿಗೆ ಸಲ್ಲತಕ್ಕದ್ದು? ಇಂತಹ ಪ್ರಶ್ನೆಯು ಈಸ್ಟ್ ಇಂಡಿಯಾ ಕುಂಪಣಿಯವರ ಕಾಲದಲ್ಲಿ ನಮ್ಮ ನಾಡಿನಲ್ಲಿ ಹುಟ್ಟಿತು. ಅದಕ್ಕೆ ಅತ್ಯಂತ ಸ್ಪಷ್ಟವಾದ, ಅತ್ಯಂತ ದುಃಖಕರವಾದ ನಿದರ್ಶನವು ೧೮೦೯ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗದಿಂದ ಶ್ರೀರಂಗಪಟ್ಟಣಕ್ಕೆ ಹೊರಟ ಎರಡು ಸಿಪಾಯಿ ಪಟಾಲಮುಗಳ ವೃತ್ತಾಂತವಾಗಿರುವುದು.

ದುರ್ಗದ ಸೀಮೆಗೆ ಸೈನಿಕವೃತ್ತಿಯು ಹೊಸದಲ್ಲ. ವಿಜಯನಗರದ ಅರಸರಿಂದ ಹೊಳಲ್ಕೆರೆಯ ನಾಯಕತನವನ್ನು ಪಡೆದ ತಿಮ್ಮಣ್ಣನಾಯಕನು ತರುವಾಯ ಹಿರಿಯೂರಿನ ಅಧಿಕಾರವನ್ನೂ, ಕಡೆಗೆ ಚಿತ್ರದುರ್ಗದ ಅಧಿಕಾರವನ್ನೂ ಸಂಪಾದಿಸಿ ಪಾಳೆಯಪಟ್ಟಿಗೆ ಅಸ್ತಿಭಾರವನ್ನು ಹಾಕಿದನು. ೧೬೭೫ರಲ್ಲಿ ಚಿಕ್ಕಣ್ಣನಾಯಕನು ಹೊಸದುರ್ಗದ ಕೋಟೆಯನ್ನು ಕಟ್ಟಿಸಿದನು. ಈ ನಾಯಕರ ಬಲವೆಲ್ಲವೂ ಬೇಡರ ಪಡೆಯಲ್ಲಿ ನೆಲೆಗೊಂಡಿದ್ದಿತು. ಆ ಬೇಡನಿಗೆ ತಾನು ಯಾರಿಗಾಗಿ ಕತ್ತಿ ಹಿಡಿಯುವೆನೆಂಬ ವಿಷಯದಲ್ಲಿ ಸಂದೇಹವಿರಲಿಲ್ಲ. ನಾಯಕನು ತನ್ನವನು, ದುರ್ಗವು ತನ್ನದು, ಬತೇರಿಯಿಂದ ಕಾಣುವ ಹೊಲಗಳು ತನ್ನ ನಂಟರವು. ಕೌಟಿಲ್ಯನ ಮಾತಿನಲ್ಲಿ ಹೇಳುವುದಾದರೆ ಇದು ಮೌಲಬಲ. ಹೈದರಾಲಿಯು ಹಲವು ಬಾರಿ ಮುತ್ತಿಗೆ ಹಾಕಿದರೂ ಈ ಬಲವು ಕೋಟೆಯನ್ನು ಸುಲಭವಾಗಿ ಬಿಟ್ಟುಕೊಡಲಿಲ್ಲ. ೧೭೭೯ರಲ್ಲಿ ದುರ್ಗವು ಅವನ ಕೈಸೇರಿದಾಗ ಮದಕರಿನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಬೇಡರ ಒಗ್ಗಟ್ಟನ್ನು ಮುರಿಯದೆ ಈ ಸೀಮೆಯು ತನಗೆ ದಕ್ಕದೆಂದು ಅರಿತ ಹೈದರನು ಸುಮಾರು ೨೦,೦೦೦ ಜನರನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದೂ, ಅವರಲ್ಲಿ ತಕ್ಕ ವಯಸ್ಸಿನ ಬಾಲಕರನ್ನು ಆರಿಸಿ 'ಚೇಲಾ' ಎಂಬ ಪಟಾಲಮುಗಳನ್ನು ಕಟ್ಟಿದನೆಂದೂ ವಿಲ್ಕ್ಸ್ ಮೊದಲಾದ ಇತಿಹಾಸಕಾರರು ಬರೆದಿರುವರು. ಮನೆಯಿಂದ ಕಿತ್ತು ತಂದ ಹುಡುಗನ ಕೈಗೆ ಬಂದೂಕವನ್ನು ಕೊಟ್ಟು, ಅವನಿಗೆ ಒಡೆಯನ ಹೊರತು ಬೇರೆ ಬಂಧುವಿಲ್ಲದಂತೆ ಮಾಡುವುದು ಆ ಪದ್ಧತಿಯ ಮರ್ಮ. ನೆಲಕ್ಕೂ ಸೈನಿಕನಿಗೂ ಇದ್ದ ಸಂಬಂಧವು ದುರ್ಗದಲ್ಲಿ ಆಂಗ್ಲೇಯರು ಬರುವುದಕ್ಕೆ ಮುಂಚೆಯೇ ಹೀಗೆ ಕಡಿಯಲಾರಂಭಿಸಿತ್ತು.

೧೭೯೯ನೆಯ ಮೇ ತಿಂಗಳ ೪ರಂದು ಟಿಪ್ಪುಸುಲ್ತಾನನು ಮಡಿದ ಮೇಲೆ ರಾಜ್ಯವು ಒಡೆಯರ ವಂಶಕ್ಕೆ ಮರಳಿತು. ಮುಮ್ಮಡಿ ಕೃಷ್ಣರಾಜ ಒಡೆಯರವರು ಇನ್ನೂ ಶಿಶುವಾಗಿದ್ದುದರಿಂದ ಪೂರ್ಣಯ್ಯನವರು ದಿವಾನರಾಗಿ ರಾಜ್ಯಭಾರವನ್ನು ವಹಿಸಿಕೊಂಡರು. ಆಗ ಆದ ಒಡಂಬಡಿಕೆಯಂತೆ ರಾಜ್ಯದ ರಕ್ಷಣೆಯು ಕುಂಪಣಿಯ ಸೈನ್ಯದ ಪಾಲಾಯಿತು. ಆ ಸೈನ್ಯದ ವೆಚ್ಚಕ್ಕೆಂದು ಮೈಸೂರು ಸಂಸ್ಥಾನವು ವರ್ಷಕ್ಕೆ ಏಳು ಲಕ್ಷ ನಕ್ಷತ್ರವರಹಗಳನ್ನು, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ತೆರಬೇಕಾಯಿತು. ಇದು ಸಾಲದೆಂಬಂತೆ ೧೮೦೭ರ ಒಪ್ಪಂದದ ಮೇರೆಗೆ ಸಂಸ್ಥಾನವು ತನ್ನ ಸ್ವಂತ ವೆಚ್ಚದಲ್ಲಿ ೪,೦೦೦ ಕುದುರೆ ರಾವುತರನ್ನು ಕುಂಪಣಿಯ ಅಗತ್ಯಕ್ಕಾಗಿ ಸಿದ್ಧವಾಗಿಟ್ಟಿರಬೇಕೆಂದು ಗೊತ್ತಾಯಿತು. ಇವರೇ ಸಿಲ್ಲೇದಾರರು. ಕುದುರೆಯೂ ಆಯುಧವೂ ಸವಾರನವು, ಸಂಬಳವು ಸರ್ಕಾರದ್ದು ಎಂಬುದು ಸಿಲ್ಲೇದಾರಿಯ ನಿಯಮ. ಈ ರಾವುತರು ೧೮೦೦ರಲ್ಲಿ ಚನ್ನಗಿರಿಯ ಧೋಂಡಿಯ ವಾಘನನ್ನು ಬೆನ್ನಟ್ಟುವುದರಲ್ಲಿಯೂ, ೧೮೦೩ರ ಮರಾಠಾ ಯುದ್ಧದಲ್ಲಿಯೂ ಬಿಷ್ಟಪ್ಪ ಪಂಡಿತನ ನಾಯಕತ್ವದಲ್ಲಿ ಆರ್ಥರ್ ವೆಲ್ಲೆಸ್ಲಿಗೆ ನೆರವಾಗಿ ಅವನ ಮೆಚ್ಚುಗೆಯನ್ನು ಪಡೆದಿದ್ದರು.

ಚಿತ್ರದುರ್ಗದ ಕೋಟೆಯಲ್ಲಿಯೂ ಕುಂಪಣಿಯ ಠಾಣೆಯೊಂದು ನೆಲೆಸಿತು. ಏಳು ಸುತ್ತಿನ ಕೋಟೆಯೊಳಗೆ ಬೇಡರ ಕಹಳೆಯ ಬದಲು ಮದರಾಸಿನ ಸೈನ್ಯದ ನಗಾರಿಯು ಕೇಳಿಸಲಾರಂಭಿಸಿತು. ೧೮೦೯ರಲ್ಲಿ ಅಲ್ಲಿದ್ದವು ಎರಡು ಪಟಾಲಮುಗಳು. ಮದರಾಸಿನ ಎಂಟನೆಯ ರೆಜಿಮೆಂಟಿನ ಮೊದಲನೆಯ ಪಟಾಲಮು ಒಂದು, ಹದಿನೈದನೆಯ ರೆಜಿಮೆಂಟಿನ ಮೊದಲನೆಯ ಪಟಾಲಮು ಇನ್ನೊಂದು. ಇವುಗಳಲ್ಲಿದ್ದವರು ದುರ್ಗದ ಜನರಲ್ಲ. ತೆಲುಗು, ತಮಿಳು ನಾಡುಗಳ ಹಿಂದುಗಳನ್ನೂ ಮುಸಲ್ಮಾನರನ್ನೂ ಸೇರಿಸಿ ಕಟ್ಟಿದ ಸೈನ್ಯ ಮದರಾಸಿನದು. ತಿಂಗಳಿಗೆ ಎರಡು ವರಹ, ಎಂದರೆ ೭ ರೂಪಾಯಿಯ ಆಸುಪಾಸಿನ ಸಂಬಳಕ್ಕೆ ಸಿಪಾಯಿಯು ತನ್ನ ಊರುಕೇರಿಗಳನ್ನು ಬಿಟ್ಟು, ಹೆಂಡತಿಮಕ್ಕಳನ್ನೂ ಕಟ್ಟಿಕೊಂಡು, ಠಾಣೆಯಿಂದ ಠಾಣೆಗೆ ನಡೆಯುತ್ತಿದ್ದನು. ಅವನ ಮೇಲೆ ನಾಯಕ, ಹವಾಲ್ದಾರ, ಜಮಾದಾರ, ಸುಬೇದಾರ ಎಂಬ ದೇಶೀಯ ಅಧಿಕಾರಿಗಳಿದ್ದರು. ೧೭೯೬ರಲ್ಲಿ ಸೈನ್ಯದ ಕಟ್ಟುಪಾಡುಗಳನ್ನು ಹೊಸದಾಗಿ ಮಾಡಿದಾಗ ಪಟಾಲಮುಗಳಲ್ಲಿ ಐರೋಪ್ಯ ಸರದಾರರ ಸಂಖ್ಯೆಯು ಹೆಚ್ಚಿತು. ಅದರಿಂದ ಸುಬೇದಾರನ ಮಾನಮರ್ಯಾದೆಗಳು ಕುಗ್ಗಿದವು. ತಲೆನರೆತ ಸುಬೇದಾರನೂ ನಿನ್ನೆ ಹಡಗಿನಿಂದಿಳಿದ ಹದಿನೇಳು ವರ್ಷದ ಬಿಳಿಯ ಹುಡುಗನ ಆಜ್ಞೆಯನ್ನು ಪಾಲಿಸಬೇಕಾಗಿದ್ದಿತು.

ಆಜ್ಞೆಯನ್ನು ಮೀರಿದರೆ ಏನಾಗುವುದೆಂಬುದನ್ನು ಮದರಾಸಿನ ಸಿಪಾಯಿಗಳು ಮೂರು ವರ್ಷಗಳ ಹಿಂದೆಯೇ ಕಂಡಿದ್ದರು. ಹಣೆಯ ಮೇಲೆ ಜಾತಿಯ ಚಿಹ್ನೆಗಳನ್ನು ಇಡಕೂಡದು, ಗಡ್ಡವನ್ನು ಬಿಡಕೂಡದು, ಚರ್ಮದ ತುರಾಯಿಯುಳ್ಳ ಹೊಸ ರೀತಿಯ ಪೇಟವನ್ನೇ ಧರಿಸಬೇಕು ಎಂಬ ನಿಯಮಗಳು ಸೇನಾಪತಿ ಸರ್ ಜಾನ್ ಕ್ರಾಡಕ್ಕನ ಕಾಲದಲ್ಲಿ ಹೊರಟವು. ಧರ್ಮಕ್ಕೆ ಕೈಹಾಕಿದರೆಂದು ಕೆರಳಿದ ಸಿಪಾಯಿಗಳು ೧೮೦೬ನೆಯ ಜುಲೈ ೧೦ರ ರಾತ್ರಿ ವೇಲೂರಿನ ಕೋಟೆಯಲ್ಲಿ ದಂಗೆಯೆದ್ದು ಸುಮಾರು ನೂರಮೂವತ್ತು ಮಂದಿ ಐರೋಪ್ಯರನ್ನು ಕೊಂದರು. ಟಿಪ್ಪುವಿನ ಮಕ್ಕಳು ಅದೇ ಕೋಟೆಯಲ್ಲಿದ್ದುದರಿಂದ ಮೈಸೂರಿನ ಹುಲಿಯ ಬಾವುಟವೂ ಒಂದು ಹೊತ್ತು ಅಲ್ಲಿ ಹಾರಿತು. ಅರ್ಕಾಟಿನಿಂದ ಗಿಲೆಸ್ಪಿಯು ಕುದುರೆಯ ದಂಡಿನೊಡನೆ ಧಾವಿಸಿ ಬಂದು ಕೋಟೆಯನ್ನು ಹಿಡಿದನು. ಸುಮಾರು ಮುನ್ನೂರೈವತ್ತು ಸಿಪಾಯಿಗಳು ಅಂದೇ ಮಡಿದರು. ವಿಚಾರಣೆಯ ತರುವಾಯ ಆರು ಮಂದಿಯನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು. ಐವರನ್ನು ಗುಂಡಿಕ್ಕಿ ಕೊಂದರು. ಎಂಟು ಮಂದಿಯನ್ನು ಗಲ್ಲಿಗೇರಿಸಿದರು. ಐವರನ್ನು ಕಡಲಾಚೆಗೆ ಕಳುಹಿಸಿದರು. ದಂಗೆಗೆ ಕಾರಣವಾದ ನಿಯಮಗಳನ್ನು ಸರ್ಕಾರವು ಹಿಂದಕ್ಕೆ ತೆಗೆದುಕೊಂಡಿತು. ಕ್ರಾಡಕ್ಕನನ್ನೂ ಗವರ್ನರ್ ಬೆಂಟಿಂಕನನ್ನೂ ಇಂಗ್ಲೆಂಡಿಗೆ ಕರೆಸಿಕೊಂಡರು. ನಿಯಮಗಳು ತಪ್ಪೆಂದು ಒಪ್ಪಿದ ಮೇಲೂ ಸತ್ತವರು ತಿರುಗಿ ಬರುವಂತಿರಲಿಲ್ಲ.

ಇಂತಿರಲು ೧೮೦೮ರಲ್ಲಿ ಬಿಳಿಯ ಸರದಾರರ ಅಸಮಾಧಾನಕ್ಕೆ ಬೇರೊಂದು ಕಾರಣವು ಒದಗಿತು. ಅದು ಧರ್ಮವೂ ಅಲ್ಲ, ದೇಶವೂ ಅಲ್ಲ, ಗುಡಾರದ ಬಾಡಿಗೆ. ಅಲ್ಲಿಯವರೆಗೆ ಪ್ರತಿಯೊಂದು ಪಟಾಲಮಿನ ಅಧಿಪತಿಗೂ ಸಿಪಾಯಿಗಳ ಡೇರೆಗಳನ್ನು ಇಟ್ಟು ಸಾಗಿಸುವುದಕ್ಕೆಂದು ತಿಂಗಳಿಗೆ ಇಂತಿಷ್ಟೆಂದು ಹಣವು ಸಲ್ಲುತ್ತಿದ್ದಿತು. ಯುದ್ಧವಿರಲಿ ಶಾಂತಿಯಿರಲಿ, ಡೇರೆಯು ಬಿಚ್ಚಲಿ ಬಿಚ್ಚದಿರಲಿ, ಮೊಬಲಗು ಒಂದೇ ಸಮ. ಖರ್ಚಿಗಿಂತ ಹೆಚ್ಚಾದುದು ಅಧಿಪತಿಯ ಜೇಬಿಗೆ ಇಳಿಯುವುದು ವಾಡಿಕೆ. ಕ್ವಾರ್ಟರ್ ಮಾಸ್ಟರ್ ಜನರಲ್ ಆಗಿದ್ದ ಜಾನ್ ಮನ್ರೋ ಎಂಬಾತನು ಈ ಏರ್ಪಾಡಿನಿಂದ ಸರದಾರನ ಲಾಭಕ್ಕೂ ಅವನ ಕರ್ತವ್ಯಕ್ಕೂ ವಿರೋಧವುಂಟಾಗುವುದೆಂದು ವರದಿಮಾಡಿದನು. ಮುಂದೆ ತಿರುವಾಂಕೂರಿನ ದಿವಾನನಾದವನು ಈತನೇ; ಮದರಾಸಿನ ಗವರ್ನರಾಗಿ ಪ್ರಸಿದ್ಧನಾದ ತಾಮಸ್ ಮನ್ರೋ ಬೇರೆ. ವರದಿಯ ಮೇಲೆ ಸರ್ಕಾರವು ೧೮೦೮ರಲ್ಲಿ ಡೇರೆಯ ಗುತ್ತಿಗೆಯನ್ನು ರದ್ದುಪಡಿಸಿತು. ಸರದಾರರಿಗೆ ಹಣವು ಹೋದುದರ ಜೊತೆಗೆ, ತಾವು ಕಳ್ಳರೆಂದು ಸೂಚಿಸಿದಂತಾಯಿತೆಂಬ ಅವಮಾನವೂ ಕಾಡಿತು.

ಸೇನಾಪತಿಯಾಗಿದ್ದ ಜನರಲ್ ಮ್ಯಾಕ್‌ಡೊವಲ್ಲನಿಗೆ ತನ್ನದೇ ಆದ ಕೊರಗೊಂದಿದ್ದಿತು. ಹಿಂದಿನ ಸೇನಾಪತಿಗಳಿಗೆ ಗವರ್ನರನ ಆಲೋಚನಾಸಭೆಯಲ್ಲಿದ್ದ ಸ್ಥಾನವು ತನಗೆ ದೊರೆಯಲಿಲ್ಲವೆಂಬುದೇ ಅದು. ಸರದಾರರ ದೂರನ್ನು ಸ್ವೀಕರಿಸಿ ಅವನು ಮನ್ರೋವನ್ನು ಸೆರೆಯಲ್ಲಿಟ್ಟನು; ಸರ್ಕಾರವು ಬಿಡಿಸಿತು. ೧೮೦೯ರ ಜನವರಿಯ ಕಡೆಯಲ್ಲಿ ಮ್ಯಾಕ್‌ಡೊವಲ್ಲನು ಸರ್ಕಾರಕ್ಕೆ ಎದುರಾದ ಒಂದು ಆಜ್ಞಾಪತ್ರವನ್ನು ಸೈನ್ಯಕ್ಕೆ ಹೊರಡಿಸಿ ಸ್ವದೇಶಕ್ಕೆ ಹಡಗನ್ನೇರಿದನು. ಆ ಹಡಗು ಊರು ಸೇರಲಿಲ್ಲ, ಸಮುದ್ರದ ಪಾಲಾಯಿತು. ಆದರೆ ಅವನು ಹಚ್ಚಿಹೋದ ಕಿಚ್ಚು ದಡದಲ್ಲಿ ಉಳಿಯಿತು. ಗವರ್ನರ್ ಸರ್ ಜಾರ್ಜ್ ಬಾರ್ಲೋ ಹಟಮಾರಿ. ಮಾತಿನಿಂದ ಒಲಿಸುವ ಜಾಣ್ಮೆಯುಳ್ಳವನಲ್ಲ. ಮೇ ತಿಂಗಳ ೧ರಂದು ಅವನು ಹಲವರು ಸರದಾರರನ್ನು ಅಧಿಕಾರದಿಂದ ತೆಗೆದುಹಾಕಿದನು. ಅದರಿಂದ ಹೈದರಾಬಾದು, ಜಾಲನಾ, ಮಚಲೀಪಟ್ಟಣ, ಶ್ರೀರಂಗಪಟ್ಟಣಗಳ ಠಾಣೆಗಳಲ್ಲಿ ಸರದಾರರು ಗುಟ್ಟಾಗಿ ಪತ್ರವ್ಯವಹಾರ ನಡೆಸಿ ಒಬ್ಬರಿಗೊಬ್ಬರು ಭಾಷೆ ಕೊಟ್ಟುಕೊಂಡರು. ಜೂನ್ ತಿಂಗಳಲ್ಲಿ ಮಚಲೀಪಟ್ಟಣದವರು ತಮ್ಮ ಅಧಿಪತಿಯನ್ನೇ ಸೆರೆಹಿಡಿದರು. ಇದನ್ನು ಆಂಗ್ಲೇಯರೇ 'ಬಿಳಿಯ ದಂಗೆ' ಎಂದು ಕರೆಯುವರು.

ಜುಲೈ ೨೬ರಂದು ಬಾರ್ಲೋ ಪ್ರತಿಯೊಬ್ಬ ಸರದಾರನ ಮುಂದೆಯೂ ಒಂದು ಪ್ರತಿಜ್ಞಾಪತ್ರವನ್ನು ಇಡಿಸಿದನು. ಸರ್ಕಾರಕ್ಕೆ ವಿಧೇಯನಾಗಿರುವೆನೆಂದು ರುಜು ಹಾಕಬೇಕು; ಇಲ್ಲವೇ ದಂಡನ್ನು ಬಿಟ್ಟು ದೂರ ಹೋಗಬೇಕು. ಅತ್ಯಲ್ಪ ಭಾಗದವರು ಮಾತ್ರವೇ ರುಜು ಹಾಕಿದರು. ಆಗ ಸರ್ಕಾರವು ಹಿಂದೆಂದೂ ಮಾಡದ ಕೆಲಸವೊಂದನ್ನು ಮಾಡಿತು: ಬಿಳಿಯ ಸರದಾರರನ್ನು ದಾಟಿ ಸುಬೇದಾರ ಜಮಾದಾರರಿಗೂ ಸಿಪಾಯಿಗಳಿಗೂ ನೇರವಾಗಿ ತನ್ನ ಮಾತನ್ನು ತಲುಪಿಸಲು ತೊಡಗಿತು. ನಿಮ್ಮ ಅನ್ನದ ಒಡೆಯನು ಕುಂಪಣಿ, ನಿಮ್ಮ ಸರದಾರನಲ್ಲ ಎಂಬುದೇ ಅದರ ತಾತ್ಪರ್ಯ. ಸರದಾರನ ಆಜ್ಞೆಯೇ ವೇದವಾಕ್ಯವೆಂದು ಅಲ್ಲಿಯವರೆಗೆ ಕಲಿಸಿದ ಸರ್ಕಾರವು, ಆ ಆಜ್ಞೆಯನ್ನು ಪರೀಕ್ಷಿಸಿ ನೋಡೆಂದು ಈಗ ಹೇಳಿದಂತಾಯಿತು. ಈ ಮಾತು ಎಲ್ಲ ಠಾಣೆಗಳನ್ನೂ ಸಕಾಲದಲ್ಲಿ ಮುಟ್ಟುವುದು ಸಾಧ್ಯವಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಲೆಫ್ಟೆನೆಂಟ್ ಕರ್ನಲ್ ಬೆಲ್ಲನ ಮುಖಂಡತ್ವದಲ್ಲಿ ಸರದಾರರು ಕೋಟೆಯ ಬಾಗಿಲುಗಳನ್ನು ಹಾಕಿ ಸರ್ಕಾರಕ್ಕೆ ಎದುರುನಿಂತರು. ಹತ್ತು ವರ್ಷಗಳ ಹಿಂದೆ ಟಿಪ್ಪುವಿನಿಂದ ಗೆದ್ದುಕೊಂಡ ಕೋಟೆಯಿಂದ ಕುಂಪಣಿಯ ಸೇವಕರೇ ಕುಂಪಣಿಯ ಮೇಲೆ ತೋಪುಗಳನ್ನು ತಿರುಗಿಸಿದುದು ವಿಧಿಯ ವಿಚಿತ್ರವೆನ್ನಬೇಕು. ಅವರಿಗೆ ಕೈಬಲವು ಬೇಕಾಗಿದ್ದಿತು. ಚಿತ್ರದುರ್ಗದ ಸರದಾರರಿಗೆ ಕರೆಯು ಬಂದಿತು. ಆಗಸ್ಟ್ ಮೊದಲ ವಾರದಲ್ಲಿ ಅವರು ದುರ್ಗದಲ್ಲಿದ್ದ ಸರ್ಕಾರದ ಹಣವನ್ನು ವಶಪಡಿಸಿಕೊಂಡು, ಎರಡು ಪಟಾಲಮುಗಳನ್ನೂ ನಡೆಸಿಕೊಂಡು ದಕ್ಷಿಣಕ್ಕೆ ಹೊರಟರು. ಮುಂದಾಳು ಕ್ಯಾಪ್ಟನ್ ಮೆಕಿಂತೋಷ್.

ಸಿಪಾಯಿಗೆ ಇದರಲ್ಲಿ ತಿಳಿಯಬಹುದಾಗಿದ್ದುದಾದರೂ ಏನು? ಮುಂಜಾನೆ ನಗಾರಿಯು ಬಾರಿಸಿತು, ಸಾಲುಗಟ್ಟಿ ನಿಲ್ಲೆಂದರು, ನಿಂತನು, ನಡೆಯೆಂದರು, ನಡೆದನು. ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಹೋಗುವುದು ಅವನಿಗೆ ನಿತ್ಯದ ಮಾತು. ಡೇರೆಯ ಗುತ್ತಿಗೆಯಿಂದ ಅವನಿಗೆ ಹಿಂದೆ ಒಂದು ಕಾಸೂ ಬಂದಿರಲಿಲ್ಲ. ಅದು ನಿಂತುದರಿಂದ ಒಂದು ಕಾಸೂ ಹೋಗಿರಲಿಲ್ಲ. ಮೂರು ವರ್ಷಗಳ ಕೆಳಗೆ ವೇಲೂರಿನಲ್ಲಿ ಆಜ್ಞೆಯನ್ನು ಮೀರಿದವರು ತೋಪಿನ ಬಾಯಲ್ಲಿ ಚೂರಾದುದನ್ನು ಅವನು ಕೇಳಿಬಲ್ಲನು. ಆದುದರಿಂದ ಆಜ್ಞೆಯನ್ನು ಪಾಲಿಸುವುದೇ ಕ್ಷೇಮವೆಂದು ತಿಳಿದಿದ್ದರೆ ತಪ್ಪೆನ್ನಲಾಗದು. ಆದರೆ ಈ ಸಲ ಆಜ್ಞೆಯನ್ನು ಪಾಲಿಸುವುದೇ ರಾಜದ್ರೋಹವಾಗಿ ಪರಿಣಮಿಸಿದ್ದಿತು.

ಮೈಸೂರಿನಲ್ಲಿ ರೆಸಿಡೆಂಟನ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಆರ್ಥರ್ ಕೋಲ್ ಎಂಬಾತನು ದಿವಾನ್ ಪೂರ್ಣಯ್ಯನವರ ನೆರವನ್ನು ಬೇಡಿದನು. ಹೈದರಾಲಿ, ಟಿಪ್ಪು, ಕುಂಪಣಿ ಎಂಬ ಮೂರು ಆಳ್ವಿಕೆಗಳನ್ನು ಕಂಡಿದ್ದ ಪೂರ್ಣಯ್ಯನವರಿಗೆ ಯಾವ ಪಕ್ಷವು ನಿಲ್ಲುವುದೆಂಬುದನ್ನು ಅಳೆಯುವುದು ಕಷ್ಟವಾಗಿರಲಿಲ್ಲ. ಆಂಗ್ಲೇಯರೊಳಗೆ ಒಡಕು ಬಿದ್ದಾಗ ಸುಮ್ಮನಿರಬಹುದಾಗಿದ್ದಿತೆಂದು ಹೇಳುವವರೂ ಉಂಟು. ಆದರೆ ಗೆದ್ದ ಪಕ್ಷವು ಆಮೇಲೆ ಮೈಸೂರಿನ ಮೌನಕ್ಕೆ ಲೆಕ್ಕ ಕೇಳದೆ ಬಿಡುತ್ತಿರಲಿಲ್ಲ; ದೊರೆಗೆ ಇನ್ನೂ ಹದಿನೈದು ವರ್ಷ, ರಾಜ್ಯವು ಮರಳಿ ಬಂದು ಹತ್ತೇ ವರ್ಷ. ಪೂರ್ಣಯ್ಯನವರು ಸಿಲ್ಲೇದಾರರನ್ನು ಕಳುಹಿಸಿದರು. ಆ ರಾವುತರು ದುರ್ಗದ ಪಟಾಲಮುಗಳ ಜಾಡು ಹಿಡಿದು ದಾರಿಯುದ್ದಕ್ಕೂ ಬೆನ್ನು ಬಿಡದೆ ಬಂದರು. ಇತ್ತ ಶ್ರೀರಂಗಪಟ್ಟಣದ ಹೊರಗೆ ಲೆಫ್ಟೆನೆಂಟ್ ಕರ್ನಲ್ ಗಿಬ್ಸನು ಸರ್ಕಾರದ ಪಕ್ಷದ ಗೋರರ ಕಾಲ್ದಳವನ್ನೂ ಡ್ರಾಗೂನ್ ಎಂಬ ಕುದುರೆ ಸವಾರರನ್ನೂ ಇಟ್ಟುಕೊಂಡು ಕಾದಿದ್ದನು.

ಆಗಸ್ಟ್ ೧೧ರಂದು ದುರ್ಗದವರು ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದರು. ದಿನಗಟ್ಟಲೆ ನಡೆದು ಕಾಲುಸೋತಿದ್ದ ಆ ಜನಕ್ಕೆ ಕೋಟೆಯು ಕಣ್ಣಿಗೆ ಕಾಣುತ್ತಿದ್ದಿತು. ಒಂದು ಕಡೆಯಿಂದ ಮೈಸೂರಿನ ರಾವುತರೂ ಇನ್ನೊಂದು ಕಡೆಯಿಂದ ಡ್ರಾಗೂನರೂ ಅವರ ಮೇಲೆ ಬಿದ್ದರು. ತಮ್ಮ ಕಡೆಯವರೆಂದೇ ತಿಳಿದಿದ್ದ ಸವಾರರು ಕತ್ತಿ ಹಿರಿದು ನುಗ್ಗುವುದನ್ನು ಕಂಡು ಸಿಪಾಯಿಗಳ ಸಾಲು ಮುರಿಯಿತು. ಕೋಟೆಯೊಳಗಿನವರು ನೆರವಿಗೆಂದು ಹೊರಬಂದರೂ ಹಿಮ್ಮೆಟ್ಟಬೇಕಾಯಿತು. ಸಿಪಾಯಿಗಳಲ್ಲಿ ಕೆಲವರು ಮಡಿದರು, ಹಲವರು ಗಾಯಗೊಂಡರು, ಹಲವರು ಹೊಲಗದ್ದೆಗಳಲ್ಲಿ ಚದುರಿಹೋದರು. ಉಳಿದವರು ಓಡಿ ಕೋಟೆಯನ್ನು ಸೇರಿದರು. ಮೆಕಿಂತೋಷನು ಗಾಯಗೊಂಡು ಸೆರೆಯಾದನು. ಕೋಟೆಯ ತೋಪುಗಳು ಗಿಬ್ಸನ ಪಾಳೆಯದ ಮೇಲೆ ಗುಂಡು ಸುರಿಸಿದವು. ಆದರೆ ಬೇರೆ ಠಾಣೆಗಳವರು ಒಬ್ಬೊಬ್ಬರಾಗಿ ಮಣಿದ ಸುದ್ದಿಯು ಬಂದುದರಿಂದ ಆ ತಿಂಗಳಲ್ಲಿಯೇ ಶ್ರೀರಂಗಪಟ್ಟಣದವರೂ ಶರಣಾಗತರಾದರು. ಇಡೀ ಬಿಳಿಯ ದಂಗೆಯಲ್ಲಿ ನಿಜವಾಗಿ ರಕ್ತವು ಹರಿದುದು ಮುಖ್ಯವಾಗಿ ಇದೊಂದೇ ಕಡೆ. ಹರಿದುದು ದಂಗೆಯೆದ್ದವರ ರಕ್ತಕ್ಕಿಂತ ಹೆಚ್ಚಾಗಿ ಅವರ ಹಿಂದೆ ನಡೆದವರ ರಕ್ತ.

ಆ ದಿನದ ರಣಭೂಮಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಕಡಿದವರಲ್ಲಿ ಮೈಸೂರಿನವರಿದ್ದರು, ಕಡಿಸಿಕೊಂಡವರು ನೆರೆನಾಡಿನ ತೆಲುಗರು, ತಮಿಳರು, ಮುಸಲ್ಮಾನರು. ಇವರಿಗೂ ಅವರಿಗೂ ಹಗೆಯಿರಲಿಲ್ಲ. ಎರಡು ಪಕ್ಷಗಳ ಸಂಬಳವೂ ಬಂದುದು ಒಂದೇ ಬೊಕ್ಕಸದಿಂದ. ಸಿಲ್ಲೇದಾರನಿಗೆ ಮೈಸೂರು ನೇರವಾಗಿ ಕೊಡುತ್ತಿದ್ದಿತು. ರಾಜ್ಯದಲ್ಲಿದ್ದ ಕುಂಪಣಿಯ ಸಿಪಾಯಿಗೆ ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿಯ ಮೂಲಕ ಕೊಡುತ್ತಿದ್ದಿತು. ಹೊಳಲ್ಕೆರೆಯಲ್ಲಿಯೋ, ಹಿರಿಯೂರಿನಲ್ಲಿಯೋ, ಹೊಸದುರ್ಗದ ಸೀಮೆಯ ಹಾಲುರಾಮೇಶ್ವರದ ಆಸುಪಾಸಿನಲ್ಲಿಯೋ ರಾಗಿ ಜೋಳಗಳನ್ನು ಬೆಳೆದು ಕಂದಾಯ ಕಟ್ಟಿದ ರೈತನ ಹಣವೇ ಎರಡು ಕೈಗಳಿಗೂ ಆಯುಧವನ್ನು ಕೊಟ್ಟಿದ್ದಿತು. ರಕ್ಷಣೆಗೆಂದು ಅವನು ತೆತ್ತ ಹಣದಿಂದ ಸಾಕಿದ ದಂಡು ಅವನ ದುರ್ಗದಲ್ಲಿದ್ದ ಸರ್ಕಾರದ ಹಣವನ್ನೇ ಹೊತ್ತುಕೊಂಡು ಹೊರಟಿತು. ಅದನ್ನು ತಡೆಯಲು ಇನ್ನೊಂದು ದಂಡಿಗೂ ಅವನೇ ವೆಚ್ಚವನ್ನು ಕೊಟ್ಟನು. ಮದರಾಸಿನ ಗುಡಾರಗಳ ಬಾಡಿಗೆಯು ಚಿತ್ರದುರ್ಗದ ರೈತನ ತಲೆಯ ಮೇಲೆ ಬಿದ್ದ ಬಗೆ ಇದು.

ಇನ್ನು ಶಿಕ್ಷೆಯ ವಿಷಯ. ಗವರ್ನರ್ ಜನರಲ್ ಲಾರ್ಡ್ ಮಿಂಟೋ ಸೆಪ್ಟೆಂಬರ್ ತಿಂಗಳಲ್ಲಿ ಕಲ್ಕತ್ತೆಯಿಂದ ಮದರಾಸಿಗೆ ಬಂದನು. ದಂಗೆಯಲ್ಲಿ ಸೇರಿದ್ದ ನೂರಾರು ಸರದಾರರ ಪೈಕಿ ೨೧ ಜನರನ್ನು ಮಾತ್ರವೇ ಹೆಸರಿಸಿ ಉಳಿದವರಿಗೆಲ್ಲ ಕ್ಷಮೆಯನ್ನು ಸಾರಿದನು. ಆ ಇಪ್ಪತ್ತೊಂದರಲ್ಲಿ ಮೂವರನ್ನು ದಂಡಿನ ನ್ಯಾಯಸ್ಥಾನದ ಮುಂದೆ ನಿಲ್ಲಿಸಿದರು. ಅವರಲ್ಲಿ ಬೆಲ್ಲನೂ ಮಚಲೀಪಟ್ಟಣದ ಸ್ಟೋರಿಯೂ ಕೆಲಸವನ್ನು ಕಳೆದುಕೊಂಡರು. ಜಾಲನಾದ ಡವಟನ್ನನು ನಿರ್ದೋಷಿಯೆಂದು ಬಿಡುಗಡೆ ಹೊಂದಿದನು. ಉಳಿದ ಹದಿನೆಂಟು ಮಂದಿಗೆ ವಿಚಾರಣೆಯೋ ವಜಾವೋ ನೀವೇ ಆರಿಸಿಕೊಳ್ಳಿರೆಂದರು. ಬಹುಮಂದಿ ವಜಾವನ್ನೇ ಆರಿಸಿಕೊಂಡರು. ಕೆಲವು ವರ್ಷಗಳಲ್ಲಿ ಅವರಲ್ಲಿ ಹೆಚ್ಚಿನವರನ್ನು ಲಂಡನ್ನಿನ ನಿರ್ದೇಶಕರು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಹಟ ಹಿಡಿದ ಬಾರ್ಲೋವನ್ನು ೧೮೧೨ರಲ್ಲಿ ಹಿಂದಕ್ಕೆ ಕರೆಸಿಕೊಂಡರು. ಶ್ರೀರಂಗಪಟ್ಟಣದಲ್ಲಿ ದಂಗೆಕೋರರೊಡನಿದ್ದ ಎಂಜಿನಿಯರ್ ಡಿ ಹ್ಯಾವಿಲೆಂಡನ ಚರಿತ್ರೆಯು ಇದಕ್ಕೆ ಒಳ್ಳೆಯ ಉದಾಹರಣೆ. ಅವನು ವಜಾ ಆಗಿ ೧೮೧೨ರಲ್ಲಿ ಮರಳಿ ಸೇರಿಸಲ್ಪಟ್ಟನು. ತರುವಾಯ ಮದರಾಸಿನಲ್ಲಿ ಸೇಂಟ್ ಆಂಡ್ರ್ಯೂಸ್ ಚರ್ಚನ್ನು ಕಟ್ಟಿ ಕೀರ್ತಿಯನ್ನು ಪಡೆದನು. ಶ್ರೀರಂಗಪಟ್ಟಣದಲ್ಲಿ ಅವನು ಇಟ್ಟಿಗೆಯಿಂದ ಕಟ್ಟಿದ್ದ, ನೂರು ಅಡಿಗೂ ಮಿಕ್ಕ ಹರವಿನ ಕಮಾನು ೧೯೩೭ರಲ್ಲಿ ಕುಸಿಯುವವರೆಗೆ ನೋಡುವವರನ್ನು ಬೆರಗುಗೊಳಿಸುತ್ತಿದ್ದಿತು.

ವೇಲೂರಿಗೂ ಶ್ರೀರಂಗಪಟ್ಟಣಕ್ಕೂ ಭೇದವುಂಟೆಂಬುದನ್ನು ಒಪ್ಪತಕ್ಕದ್ದೇ. ವೇಲೂರಿನ ಸಿಪಾಯಿಗಳು ರಾತ್ರಿಯಲ್ಲಿ ಮಲಗಿದ್ದವರನ್ನೂ ಆಸ್ಪತ್ರೆಯಲ್ಲಿದ್ದವರನ್ನೂ ಕೊಂದರು; ಬಿಳಿಯ ಸರದಾರರು ಅಂತಹ ಕೊಲೆಯನ್ನು ಮಾಡಲಿಲ್ಲ. ಅವರ ದೂರಿನಲ್ಲಿಯೂ ಸ್ವಲ್ಪ ಹುರುಳಿದ್ದಿತು: ಕುಂಪಣಿಯ ಸರದಾರನಿಗೆ ಸಂಬಳವು ಕಡಮೆ, ಬಡತಿಯು ನಿಧಾನ, ರಾಜನ ಸೈನ್ಯದವರ ಮುಂದೆ ಮಾನವು ಕಡಮೆ. ಆದರೆ ಕೋಟೆಯನ್ನು ಹಿಡಿದುದು, ಹಣವನ್ನು ಸೆಳೆದುದು, ಸರ್ಕಾರದ ದಂಡಿನ ಮೇಲೆ ತೋಪು ಹಾರಿಸಿದುದು ಯಾವ ದೇಶದ ಸೇನಾಧರ್ಮದಲ್ಲಿಯೂ ಮರಣದಂಡನೆಗೆ ಯೋಗ್ಯವಾದ ಅಪರಾಧಗಳೇ. ತೀಕ್ಷ್ಣದಂಡದಿಂದ ಪ್ರಜೆಗಳು ನಡುಗುವರು, ಮೃದುದಂಡದಿಂದ ದಂಡಿಸುವವನೇ ತಿರಸ್ಕೃತನಾಗುವನು, ಯಥಾರ್ಹವಾಗಿ ದಂಡಿಸುವವನೇ ಪೂಜ್ಯನು ಎಂಬುದು ಕೌಟಿಲ್ಯನ ಮತ. ಕುಂಪಣಿಯು ತೀಕ್ಷ್ಣವನ್ನು ಕಪ್ಪು ಮೈಯವನಿಗೂ ಮೃದುವನ್ನು ಬಿಳಿಯ ಮೈಯವನಿಗೂ ಮೀಸಲಾಗಿಟ್ಟು, ಯಥಾರ್ಹವನ್ನು ಯಾರಿಗೂ ಕೊಡಲಿಲ್ಲ. ಆಗಸ್ಟ್ ೧೧ರಂದು ಬಿದ್ದ ಸಿಪಾಯಿಗಳಿಗಂತೂ ವಿಚಾರಣೆಯೇ ಇರಲಿಲ್ಲ. ವಿಚಾರಣೆಯೋ ವಜಾವೋ ಎಂದು ಅವರನ್ನು ಕೇಳಿದವರಿಲ್ಲ.

ಈ ಘಟನೆಯಿಂದ ಯಾರು ಏನನ್ನು ಕಲಿತರು? ಸರದಾರರ ಮಾತನ್ನು ಸರ್ಕಾರವೇ ಅಲ್ಲಗಳೆಯಬಹುದೆಂಬುದನ್ನು ಸಿಪಾಯಿಗಳು ಅರಿತರು. ಆಜ್ಞೆ ಮಾಡುವವನೂ ದ್ರೋಹಿಯಾಗಬಹುದೆಂಬ ಅರಿವು ಒಮ್ಮೆ ಮೂಡಿದ ಮೇಲೆ ಅಳಿಸಿಹೋಗುವಂತಹುದಲ್ಲ. ೧೮೫೭ರ ಮಹಾಸಂಗ್ರಾಮಕ್ಕೆ ಇನ್ನೂ ೪೮ ವರ್ಷಗಳಿದ್ದವು; ಅದು ಎದ್ದುದು ಬಂಗಾಳದ ಸೈನ್ಯದಲ್ಲಿ, ಮದರಾಸಿನದರಲ್ಲಿ ಅಲ್ಲ. ಆದುದರಿಂದ ಒಂದಕ್ಕೆ ಇನ್ನೊಂದನ್ನು ಕಾರಣವೆಂದು ಕಟ್ಟುವುದು ಸರಿಯಾಗದು. ಆದರೂ ವಿದೇಶೀಯನ ಭೃತಬಲವು ಒಳಗೊಳಗೆ ಎಷ್ಟು ಟೊಳ್ಳೆಂಬುದನ್ನು ಮೊದಲು ಬಯಲಿಗೆ ತಂದವರು ಆ ವಿದೇಶೀಯರೇ ಎಂಬುದು ಸತ್ಯ. ಮೈಸೂರಿಗೆ ದೊರೆತ ಪ್ರತಿಫಲವಾದರೂ ಗಮನಿಸತಕ್ಕದ್ದು. ಕುಂಪಣಿಯ ಸಂಕಟದಲ್ಲಿ ಪೂರ್ಣಯ್ಯನವರು ಕೊಟ್ಟ ನೆರವನ್ನು ಆಗ ಬಹಳವಾಗಿ ಹೊಗಳಿದರು. ಪೂರ್ಣಯ್ಯನವರು ೧೮೧೨ರಲ್ಲಿ ತೀರಿಕೊಂಡರು. ೧೮೩೧ರಲ್ಲಿ ನಗರದ ರೈತರ ದಂಗೆಯ ಕಾಲದಲ್ಲಿ, ಪೊಗದಿಯ ಹಣಕ್ಕೆ ಅಪಾಯವುಂಟೆಂಬ ನೆಪವನ್ನು ಮುಂದಿಟ್ಟು, ಅದೇ ೧೭೯೯ರ ಒಡಂಬಡಿಕೆಯ ಮಾತನ್ನೇ ಆಧರಿಸಿ, ರಾಜ್ಯಭಾರವನ್ನು ಮಹಾರಾಜರ ಕೈಯಿಂದ ತೆಗೆದುಕೊಂಡರು. ತೆಗೆದುಕೊಂಡವನು ವೇಲೂರಿನ ದಂಗೆಯ ಕಾಲದಲ್ಲಿ ಮದರಾಸಿನ ಗವರ್ನರಾಗಿದ್ದ ಅದೇ ಬೆಂಟಿಂಕ್. ಐವತ್ತು ವರ್ಷಗಳಾದ ಮೇಲೆ, ೧೮೮೧ರಲ್ಲಿ, ರಾಜ್ಯವು ಚಾಮರಾಜೇಂದ್ರ ಒಡೆಯರವರಿಗೆ ಮರಳಿತು.

ಚಿತ್ರದುರ್ಗದ ಠಾಣೆಯೂ ಬಹುಕಾಲ ಉಳಿಯಲಿಲ್ಲ. ದುರ್ಗದ ಹವೆಯು ದಂಡಿಗೆ ಒಗ್ಗುವುದಿಲ್ಲವೆಂದು ಕುಂಪಣಿಯವರು ಅದನ್ನು ಬಿಟ್ಟುಹೋದರು. ಮೈಸೂರಿನ ರಾವುತರ ಪರಂಪರೆಯಾದರೋ ಮುಂದುವರಿಯಿತು. ಮೈಸೂರು ಲ್ಯಾನ್ಸರ್ಸ್ ಎಂಬ ಹೆಸರಿನಿಂದ ಅವರು ಮೊದಲನೆಯ ಮಹಾಯುದ್ಧದಲ್ಲಿ ಕಡಲನ್ನು ದಾಟಿ ಈಜಿಪ್ಟ್ ಪ್ಯಾಲೆಸ್ಟೈನುಗಳಿಗೆ ಹೋದರು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಜೋಧಪುರದ ಸವಾರರು ಹೈಫಾ ಪಟ್ಟಣದ ಮೇಲೆ ನುಗ್ಗುತ್ತಿದ್ದಾಗ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ದಾರಿಯನ್ನು ಏರಿ ಮೇಲಿದ್ದ ತೋಪುಗಳನ್ನು ವಶಪಡಿಸಿಕೊಂಡರು. ಭಲ್ಲೆಯನ್ನು ಹಿಡಿದ ಸವಾರನು ಮೆಷೀನ್‌ಗನ್ನಿಗೆ ಎದೆಗೊಟ್ಟು ಗೆದ್ದ ಆ ಸಾಹಸವು ಲೋಕಪ್ರಸಿದ್ಧವಾಯಿತು. ಅದರ ನೆನಪಿಗೆ ಬೆಂಗಳೂರಿನಲ್ಲಿ ಒಂದು ಸ್ತಂಭವೂ, ದೆಹಲಿಯಲ್ಲಿ ಮೈಸೂರು, ಜೋಧಪುರ, ಹೈದರಾಬಾದುಗಳ ಸವಾರರನ್ನು ಸೂಚಿಸುವ ಮೂರು ಮೂರ್ತಿಗಳೂ ನಿಂತಿವೆ. ಸ್ವಾತಂತ್ರ್ಯಾನಂತರ ಸಂಸ್ಥಾನದ ಸೈನ್ಯವು ಭಾರತದ ಸೈನ್ಯದಲ್ಲಿ ಲೀನವಾಯಿತು. ೧೯೫೩ರಲ್ಲಿ ಸಂಸ್ಥಾನಗಳ ಕುದುರೆಯ ದಳಗಳನ್ನು ಕೂಡಿಸಿ ಕಟ್ಟಿದ ಅರುವತ್ತೊಂದನೆಯ ಕ್ಯಾವಲ್ರಿಯಲ್ಲಿ ಮೈಸೂರಿನ ಪಾಲೂ ಸೇರಿದೆ.

ಹೈಫಾದಲ್ಲಿ ಕಾದಿದವನೂ ಅನ್ಯರ ಯುದ್ಧದಲ್ಲಿಯೇ ಕಾದಿದನು. ಆದರೆ ಅವನಿಗೆ ತಾನು ಯಾರನ್ನು ಎದುರಿಸುತ್ತಿರುವೆನೆಂದು ಗೊತ್ತಿದ್ದಿತು. ಗೆದ್ದನು, ಕಲ್ಲಿನ ಮೇಲೆ ನಿಂತನು. ದುರ್ಗದ ಎರಡು ಪಟಾಲಮುಗಳ ಸಿಪಾಯಿಗಳಿಗೆ ಅಷ್ಟೂ ಲಭಿಸಲಿಲ್ಲ. ಸರದಾರರ ಹೆಸರುಗಳನ್ನೂ, ಅವರ ಅರ್ಜಿಗಳನ್ನೂ, ಅವರ ಮಾನಾಪಮಾನಗಳನ್ನೂ ಆಂಗ್ಲೇಯರು ಸಂಪುಟಗಟ್ಟಲೆ ಬರೆದಿಟ್ಟರು. ಸಿಪಾಯಿಯು ಆ ಸಂಪುಟಗಳಲ್ಲಿ ಒಂದು ಸಂಖ್ಯೆ ಮಾತ್ರ. ಚಿತ್ರದುರ್ಗದ ಕೋಟೆಯನ್ನು ಹತ್ತುವವರು ಕಿಂಡಿಯ ಬಳಿ ನಿಂತು ಒನಕೆ ಓಬವ್ವನನ್ನು ನೆನೆಯುವರು. ಅವಳು ತನ್ನ ಮನೆಯನ್ನೂ ತನ್ನ ಕೋಟೆಯನ್ನೂ ಕಾದವಳಾದುದರಿಂದ ಆ ನೆನಪು ನ್ಯಾಯವಾದುದೇ. ಅದೇ ಬಾಗಿಲುಗಳಿಂದ ಇಳಿದು, ತಮ್ಮದಲ್ಲದ ಕೋಟೆಯಿಂದ ತಮ್ಮದಲ್ಲದ ಜಗಳಕ್ಕೆ ನಡೆದುಹೋದವರೂ ಇದ್ದರು. ತನ್ನ ದಂಡನ್ನು ತಾನೇ ಆಳದ ನಾಡಿನಲ್ಲಿ ಸೈನಿಕನ ಶೌರ್ಯವೂ ವಿಧೇಯತೆಯೂ ಯಾರ ಕೈಯ ಆಯುಧವಾಗುವುವೆಂಬುದನ್ನು ತಿಳಿಯಬೇಕಾದವರು ಅವರನ್ನೂ ಒಂದು ಕ್ಷಣ ನೆನೆಯತಕ್ಕದ್ದು.